ದಾದಿಯ ಅಫ್ಜಲ್ ದರವಾಜಾ

ಹೈದರಾಬಾದನ್ನು ನಾನು ಮೊದಲು ನೋಡಿದ್ದು ಲಿಂಗಸುಗೂರಿನ ನಮ್ಮ ಮನೆಯಲ್ಲಿ. ಮನೆಯ ಮುಂದೆ ಒಂದು ಗಟಾರ ಹರಿಯುತ್ತಿತ್ತು. ಅದು ಮೂಸಿ ನದಿ. ಗಟಾರ ದಾಟಲು ಹಾಕಿದ್ದ ಹಾಸುಗಲ್ಲು ನಯಾಪುಲ್. ಕಲ್ಲು ದಾಟಿದರೆ ಸಿಗುವ ನಮ್ಮ ತಲೆಬಾಗಿಲು ಅಫ್ಜಲ್ ದರವಾಜಾ, ಅಂದರೆ ಹಳೇ ಶಹರದ ಕೋಟೆಗೋಡೆಗೆ ನದಿಯ ಕಡೆ ಇದ್ದ ಹೆಬ್ಬಾಗಿಲು. ಒಳಗೆ ಕಾಲಿಟ್ಟರೆ ಅಡುಗೆಮನೆಯ ಸಾಲು ಪತ್ಥರ್‌ಗಟ್ಟಿ. ಜೋಳದ ಚೀಲ ಪೇರಿಸಿಡುತ್ತಿದ್ದ ಕತ್ತಲೆ ಕೋಣೆ ದಿವಾನ್ ದೇವಡಿ. ಅಂಗಳದ ನೀರಿನ ತೊಟ್ಟಿ ಗುಲ್ಜಾರ್ ಹೌಜ್. ಅದರಾಚೆಗೆ ನಾಲ್ಕು ಕಟ್ಟಿಗೆ ಕಂಬಗಳ ಪಡಸಾಲೆ, ಅದೇ ಚಾರ್‌ಮಿನಾರ್. ಪಡಸಾಲೆಯ ಬಲಕ್ಕೆ ನಮಾಜಿಗೆಂದು ಎತ್ತರಿಸಿದ್ದ ಕಟ್ಟೆ ಮಕ್ಕಾ ಮಸ್ಜಿದ್. ಇವೆಲ್ಲಕ್ಕೂ ಹೆಸರಿಟ್ಟವಳು ನನ್ನ ದಾದಿ, ನಮ್ಮ ಅಬ್ಬಾನ ತಾಯಿ. ಹೈದರಾಬಾದಿನ ಹಳೇ ಶಹರದಲ್ಲಿ ಹುಟ್ಟಿ, ಮದುವೆಯಾಗಿ ನಮ್ಮೂರಿನ ಛಾವಣಿಗೆ, ಅಂದರೆ ಹಿಂದೆ ದಂಡು ಬೀಡುಬಿಟ್ಟಿದ್ದ ಓಣಿಗೆ, ಬಂದವಳು. ತವರು ನೆನಪಾದಾಗ ಅಳುವ ಬದಲು ಒಂದೊಂದು ಕೋಣೆಗೆ ಒಂದೊಂದು ಹೆಸರು ಇಡುತ್ತ ಹೋಗಿದ್ದಳಂತೆ. ನಾನು ಹುಟ್ಟುವಷ್ಟರಲ್ಲಿ ಮನೆಯಲ್ಲಿ ಹೆಸರಿಲ್ಲದ ಮೂಲೆಯೇ ಉಳಿದಿರಲಿಲ್ಲ.

ಬೇರೆಯವರ ಮನೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡು ನಾನು ಬೆಳೆದೆ. ಮೊಣಕಾಲಿಗೆ ಗಾಯ ಮಾಡಿಕೊಂಡು ಶಾಲೆಗೆ ಹೋದಾಗ ಮೇಷ್ಟ್ರು ಏನಾಯಿತೆಂದು ಕೇಳಿದರು. ಮೂಸಿಯೊಳಗೆ ಬಿದ್ದೆ ಎಂದೆ. ಯಾವಾಗ ಹೈದರಾಬಾದಿಗೆ ಹೋಗಿದ್ದೆ ಎಂದರು. ದಿನಾ ಅಲ್ಲೇ ಇರುತ್ತೇನೆ ಎಂದೆ. ಮೇಷ್ಟ್ರು ಸಂಜೆ ಅಬ್ಬಾನ ಸೈಕಲ್ ಅಂಗಡಿಗೆ ಹೋಗಿ, ಹುಡುಗಿ ಸುಳ್ಳು ಕಲಿತಿದ್ದಾಳೆ ಎಂದು ದೂರು ಹೇಳಿದರು. ಅಬ್ಬಾ ನಕ್ಕು ನಕ್ಕು ಸಾಕಾಗಿ, ಮೇಷ್ಟ್ರಿಗೆ ಚಹಾ ಕುಡಿಸಿ ಕಳಿಸಿದನು. ಈ ಆಟದಿಂದ ಬೇಸತ್ತವಳು ನನ್ನ ಅಮ್ಮ ಒಬ್ಬಳೇ. ಅಮ್ಮ ಮಸ್ಕಿಯ ಹುಡುಗಿ. ಹೈದರಾಬಾದನ್ನು ಕಂಡವಳಲ್ಲ, ಕಾಣುವ ಆಸೆಯೂ ಇರಲಿಲ್ಲ. ಕಸಬರಿಗೆ ಎಲ್ಲಿ ಎಂದು ಕೇಳಿದರೆ ದೇವಡಿಯ ಹಿಂದೆ ಎಂಬ ಉತ್ತರ ಬಂದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

“ನಮ್ಮ ಮಸ್ಕಿಗೂ ಬೆಟ್ಟ ಅದ, ಅಶೋಕ ರಾಜ ಬರಿಸಿದ ಕಲ್ಲದ. ನಾ ಏನರ ಬಚ್ಚಲಕ್ಕ ಅಶೋಕನ ಹೆಸರ ಇಟ್ಟೀನೇನು?”

“ಇಡಬೇಕಿತ್ತು. ಬ್ಯಾಡಂದವರು ಯಾರು?” ಎನ್ನುತ್ತಿದ್ದಳು ದಾದಿ.

ದಾದಿ ಕತೆ ಹೇಳುತ್ತಿದ್ದುದು ದಖ್ಖನಿ ಉರ್ದುವಿನಲ್ಲಿ, ಜಗಳ ಆಡುತ್ತಿದ್ದುದು ಕನ್ನಡದಲ್ಲಿ. ಅವಳ ಕನ್ನಡವೆಲ್ಲ ನಲ್ಲಿಯ ಹತ್ತಿರ, ಸಂತೆಯಲ್ಲಿ ಜಗಳಾಡಿಯೇ ಬಂದದ್ದು. ಹಾಗಾಗಿ ಅದು ಗಟ್ಟಿಮುಟ್ಟಾದ ಕನ್ನಡ.

ನನಗೆ ಬುದ್ಧಿ ಬರುವ ಹೊತ್ತಿಗೆ ದಾದಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ಗೊತ್ತಾಗುತ್ತಿತ್ತು. ಎದುರಿಗೆ ಯಾರೋ ನಿಂತಿದ್ದಾರೆಂದು ತಿಳಿಯುತ್ತಿತ್ತು, ಅಷ್ಟೇ. ಆದರೂ ಮನೆಯೊಳಗೆ ಅವಳು ಎಡವಿದ್ದನ್ನು ನಾನು ನೋಡಿಲ್ಲ. ಗುಲ್ಜಾರ್ ಹೌಜ್ ಬಂತು, ಇನ್ನು ಕಮಾನು, ಇನ್ನು ಮಿನಾರು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಓಡಾಡುತ್ತಿದ್ದಳು. ಕಣ್ಣು ಹೋದವರ ಮನೆಯಲ್ಲಿ ಸುಳ್ಳು ಬಲು ಬೇಗ ಬೇರು ಬಿಡುತ್ತದೆ. ಕೆಟ್ಟ ಉದ್ದೇಶದಿಂದಲ್ಲ, ಮುದುಕಿಗೆ ಯಾಕೆ ನೋವು ಎಂಬ ಕಾರಣಕ್ಕೆ. ಹಾಲು ಉಕ್ಕಿ ಚೆಲ್ಲಿದರೂ ಚೆಲ್ಲಿಲ್ಲ ಎನ್ನುವುದು, ಅವಳ ಇಷ್ಟದ ಪಿಂಗಾಣಿ ಬಸಿ ಒಡೆದರೂ ಕಪಾಟಿನಲ್ಲಿದೆ ಎನ್ನುವುದು. ಮನೆಯವರೆಲ್ಲ ಇದರಲ್ಲಿ ಪಳಗಿದ್ದರು. ನನಗೆ ಮಾತ್ರ ಬರುತ್ತಿರಲಿಲ್ಲ. ಒಳ್ಳೆಯವಳೆಂದಲ್ಲ, ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳುವ ತಾಳ್ಮೆ ಇರಲಿಲ್ಲ.

ನಾಲ್ಕನೇ ಕಂಬದ ಜಗಳ ಆದದ್ದು ಆಗ. ಪಡಸಾಲೆಯ ಒಂದು ಕಂಬಕ್ಕೆ ಗೆದ್ದಲು ಹತ್ತಿ ಬುಡ ಪುಡಿಪುಡಿಯಾಗಿತ್ತು. ದಾದಿಯನ್ನು ಮಸ್ಕಿಗೆ ಒಂದು ಮದುವೆಗೆ ಕಳಿಸಿ, ಅವಳು ಬರುವುದರೊಳಗೆ ಅಬ್ಬಾ ಆ ಕಂಬ ತೆಗೆಸಿ ಇಟ್ಟಂಗಿಯ ಕಂಬ ಕಟ್ಟಿಸಿದನು. ಅದಕ್ಕೆ ಕಟ್ಟಿಗೆಯ ಬಣ್ಣವನ್ನೇ ಹೊಡೆಸಿದನು. ಯಾರೂ ಬಾಯಿ ಬಿಡಬಾರದು ಎಂದು ಎಲ್ಲರಿಗೂ ತಾಕೀತಾಯಿತು. ದಾದಿ ಬಂದವಳೇ ಪಡಸಾಲೆಯಲ್ಲಿ ನಿಂತು ಮೂಗು ಅರಳಿಸಿ, ಸಿಮೆಂಟಿನ ವಾಸನೆ ಯಾಕೆ ಬರುತ್ತಿದೆ ಎಂದು ಕೇಳಿದಳು. ಪಕ್ಕದ ಮನೆಯವರು ಕಟ್ಟಿಸುತ್ತಿದ್ದಾರೆ ಎಂದಳು ಅಮ್ಮ. ದಾದಿ ನನ್ನ ಕಡೆ ತಿರುಗಿದಳು.

“ಮುನ್ನಿ, ನೀ ಹೇಳು.”

“ಕಟ್ಟಿಗಿ ಮಿನಾರ ಮೂರ ಅದಾವ ದಾದಿ. ನಾಕನೇದು ಇಲ್ಲ. ಅಲ್ಲಿ ಇಟ್ಟಂಗಿದು ಕಟ್ಟ್ಯಾರ.”

ಅಬ್ಬಾ ಹಣೆ ಬಡಿದುಕೊಂಡನು. ದಾದಿ ಹೋಗಿ ಆ ಕಂಬವನ್ನು ಎರಡೂ ಕೈಯಿಂದ ಬುಡದಿಂದ ಮೇಲಿನವರೆಗೆ ಸವರಿದಳು. ಹಳೆಯ ಕಂಬ ಹೋದದ್ದಕ್ಕೆ ಅವಳು ಒಂದು ಮಾತೂ ಆಡಲಿಲ್ಲ. ಮುಚ್ಚಿಟ್ಟದ್ದಕ್ಕೆ ಮಾತ್ರ ಅಬ್ಬಾನ ನೀರಿಳಿಸಿಬಿಟ್ಟಳು.

“ಹೋಗಿದ್ದು ಹೋತು. ಇಲ್ಲಂದ್ರ ಇಲ್ಲ ಅನ್ನಬೇಕು. ಇಲ್ಲದ್ದನ್ನ ಅದ ಅಂದ್ರ ನಾ ಅದಕ್ಕ ಆತು ಬಿದ್ದು ಸಾಯ್ತೀನಿ. ಇವತ್ತಿನಿಂದ ಈ ಹುಡುಗೀನ ನನ್ನ ಕಣ್ಣು. ನಿಮ್ಮ ಮಾತು ನಾ ಕೇಳಂಗಿಲ್ಲ.”

ಅಂದಿನಿಂದ ನನ್ನ ಗತ್ತೇ ಬೇರೆಯಾಯಿತು. ಮನೆಯಲ್ಲಿ ಏನೇ ಒಡೆದರೂ ಎಲ್ಲರೂ ಮೊದಲು ನನ್ನ ಮುಖ ನೋಡುವರು. ನಾನು ಕಂಡದ್ದನ್ನು ಕಂಡ ಹಾಗೆ ಹೇಳುವೆ, ಆಮೇಲೆ ಅಮ್ಮನ ಕೈಯಲ್ಲಿ ಏಟು ತಿನ್ನುವೆ. ಎರಡೂ ನನಗೆ ಸಮ್ಮತವಾಗಿತ್ತು.

ಅಷ್ಟರಲ್ಲಿ ಸಿಂಧನೂರಿನಲ್ಲಿ ಕಣ್ಣಿನ ಶಿಬಿರ ಹಾಕಿದ್ದಾರೆಂಬ ಸುದ್ದಿ ಬಂತು. ಹೊರಗಿನಿಂದ ಡಾಕ್ಟರು ಬಂದು ಪೊರೆ ತೆಗೆಯುತ್ತಾರೆ, ಒಂದೇ ಬಸ್ಸಿನ ದಾರಿ ಎಂದು ಅಬ್ಬಾ ದಾದಿಯ ಬೆನ್ನು ಬಿದ್ದನು. ದಾದಿ ಜಗ್ಗಲಿಲ್ಲ. ಇನ್ನು ತಡ ಮಾಡಿದರೆ ಬೆಳಕೂ ಗೊತ್ತಾಗದ ಹಾಗಾಗುತ್ತದೆ ಎಂದು ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಹೇಳಿದ ಮೇಲೆ, ಅಬ್ಬಾ ಒಂದು ದಿನ ಊಟ ಬಿಟ್ಟು ಕೂತನು. ಆಗ ದಾದಿ ತನ್ನ ಷರತ್ತು ಹೇಳಿದಳು.

“ಕಣ್ಣಿನ ಪೊರಿ ತೆಗಿಸಿದ್ರ ನಮ್ಮ ಶಹರದಾಗ. ಅದೂ ಬಸ್ಸಿಳದು ಸೀದಾ ದವಾಖಾನಿಗೆ ಅಲ್ಲ. ನಡಕೋತ ಹೋಗಿ ಅಫ್ಜಲ್ ದರವಾಜಾದಾಗ ಹಾದು ಒಳಗ ಕಾಲಿಡ್ತೀನಿ. ಮದಿವ್ಯಾಗಿ ಬರೂ ಮುಂದ ನಮ್ಮಪ್ಪ ಅಲ್ಲಿ ತನಕ ಬಂದು ನಿಂತಿದ್ದ. ಇದೇ ಬಾಗಲದಿಂದ ವಾಪಸ್ ಬಾ ಬೇಟಿ ಅಂದಿದ್ದ. ಅದು ಮೊದಲು, ಕಣ್ಣು ಆಮ್ಯಾಲ.”

ತವರಿಗೆ ಹೋಗದೆ ಬಹಳ ವರ್ಷಗಳಾಗಿದ್ದವು. ತಂದೆ ತಾಯಿ ತೀರಿದ ಮೇಲೆ ಅಲ್ಲಿ ಯಾರೂ ಉಳಿದಿರಲಿಲ್ಲ. ಅಬ್ಬಾ ಒಪ್ಪಿದನು. ನಾನೂ ಬರಬೇಕು ಎಂಬುದು ಷರತ್ತಿನ ಇನ್ನೊಂದು ಭಾಗ. ಕಣ್ಣಿಲ್ಲದೆ ಹೇಗೆ ಹೋಗಲಿ ಎಂದು ಕೇಳಿದಳು. ಹೊರಡುವ ದಿನ ಅಮ್ಮ ಜೋಳದ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿಕೊಟ್ಟು, ಅತ್ತೆಯ ಕೈ ಹಿಡಿದು ಅತ್ತುಬಿಟ್ಟಳು. ಅವರಿಬ್ಬರೂ ಜಗಳವಿಲ್ಲದೆ ಮಾತಾಡಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಹೈದರಾಬಾದಿನ ಗೌಳಿಗುಡದ ಬಸ್ ನಿಲ್ದಾಣದಲ್ಲಿ ಇಳಿದೆವು. ನೆತ್ತಿಯ ಮೇಲೆ ದೊಡ್ಡ ತಗಡಿನ ಕಮಾನು, ಅದರ ಹೊಟ್ಟೆಯೊಳಗೆ ಬಸ್ಸುಗಳ ಗದ್ದಲ. ದಾದಿ ನನ್ನ ಹೆಗಲ ಮೇಲೆ ಕೈ ಇಟ್ಟಳು, ನಾನು ಮುಂದೆ, ಅಬ್ಬಾ ಚೀಲ ಹೊತ್ತು ಹಿಂದೆ. ದಾರಿ ನನಗೆ ಬಾಯಿಪಾಠ ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಆದರೆ ನಮ್ಮ ಮನೆಯಲ್ಲಿ ಒಂದು ಜಿಗಿತಕ್ಕೆ ಮುಗಿಯುವ ನಯಾಪುಲ್ ಇಲ್ಲಿ ಎಷ್ಟು ನಡೆದರೂ ಮುಗಿಯುತ್ತಿರಲಿಲ್ಲ. ಕೆಳಗೆ ಮೂಸಿ, ವಾಸನೆ ಮಾತ್ರ ನಮ್ಮ ಗಟಾರದ್ದೇ. ಅದನ್ನು ಹೇಳಿದಾಗ ದಾದಿ ಬೆನ್ನಿಗೊಂದು ಗುದ್ದಿದಳು. ಅವಳ ಮುಖದಲ್ಲಿ ನಾನು ಎಂದೂ ಕಾಣದ ಕಳೆ ಇತ್ತು. ಸೆರಗು ಸರಿಮಾಡಿಕೊಂಡಳು, ಬೆವರು ಒರೆಸಿಕೊಂಡಳು. ಸೇತುವೆಯ ಆ ತುದಿ ಹತ್ತಿರವಾದ ಹಾಗೆ ನಾನು ಕತ್ತು ಚಾಚಿ ಬಾಗಿಲು ಹುಡುಕತೊಡಗಿದೆ. ಬಸ್ಸು, ರಿಕ್ಷಾ, ತಳ್ಳುಗಾಡಿ ಎಲ್ಲ ಎಗ್ಗಿಲ್ಲದೆ ಶಹರದೊಳಗೆ ನುಗ್ಗುತ್ತಿದ್ದವು. ಬಾಗಿಲು ಎಲ್ಲೂ ಇರಲಿಲ್ಲ.

“ದರವಾಜಾ ಬಂತೇನು?”

ಅಬ್ಬಾ ಹಿಂದಿನಿಂದ ನನ್ನ ಜಡೆ ಹಿಡಿದು ಮೆಲ್ಲಗೆ ಜಗ್ಗಿದನು. ತಿರುಗಿ ನೋಡಿದೆ. ಹೂಂ ಅನ್ನು ಎಂದು ಕತ್ತು ಆಡಿಸುತ್ತಿದ್ದನು. ಕಣ್ಣಲ್ಲಿ ನೀರಿತ್ತು. ಅಬ್ಬಾನ ಕಣ್ಣಲ್ಲಿ ನೀರು ನೋಡಿ ನನಗೂ ಹೂಂ ಅನ್ನಬೇಕು ಅನ್ನಿಸಿತು. ನಾಲಿಗೆಯ ತುದಿಗೂ ಬಂತು. ಆದರೆ ಹೆಗಲ ಮೇಲಿನ ಕೈ ನನ್ನನ್ನು ನಂಬಿಕೊಂಡು ಅಲ್ಲಿಯವರೆಗೆ ಬಂದಿತ್ತು.

“ಇಲ್ಲ ದಾದಿ.”

“ಸರಿಯಾಗಿ ನೋಡಬೇ.”

“ನೋಡಾಕತ್ತೀನಿ. ರಸ್ತಾ ಅದ. ದರವಾಜಾ ಇಲ್ಲ. ಕೆಡವ್ಯಾರ ಅನ್ನಸ್ತದ.”

ಹತ್ತಿರದಲ್ಲಿ ಬಾಳೆಹಣ್ಣು ಮಾರುತ್ತಿದ್ದ ಮುದುಕನನ್ನು ದಾದಿಯೇ ಕೇಳಿದಳು. ಅವನು, ಅಯ್ಯೋ ತಾಯಿ, ರಸ್ತೆ ಅಗಲ ಮಾಡುವಾಗ ಅದು ಹೋಗಿ ಯಾವ ಕಾಲವಾಯಿತು, ನೀವು ಎಲ್ಲಿಂದ ಬಂದಿರಿ ಎಂದನು. ದಾದಿ ಹೆಗಲ ಮೇಲಿನ ಕೈ ತೆಗೆದು ಅಲ್ಲೇ ಸೇತುವೆಯ ಕಟ್ಟೆಯ ಬುಡಕ್ಕೆ ಕೂತುಬಿಟ್ಟಳು.

“ವಾಪಸ್ ನಡೀರಿ. ನನಗ ಇಲ್ಲಿ ನೋಡೂವಂಥದ್ದು ಏನೂ ಇಲ್ಲ. ಕಣ್ಣೂ ಬ್ಯಾಡ, ಏನೂ ಬ್ಯಾಡ.”

ಅಬ್ಬಾ ಬೇಡಿಕೊಂಡನು, ಆಣೆ ಹಾಕಿದನು. ಅವಳು ಕಲ್ಲು. ಕೊನೆಗೆ ಅವನು ನನ್ನ ಮೇಲೆ ತಿರುಗಿಬಿದ್ದನು.

“ಒಂದು ಹೂಂ ಅಂದಿದ್ರ ನಿನ್ನ ಗಂಟು ಹೋಗ್ತಿತ್ತೇನು? ಇನ್ನ ಆಕಿ ಕಣ್ಣು ಹೋದ್ರ ನೀ ಕಾರಣ ನೋಡು.”

ಆ ಮಾತು ನನ್ನನ್ನು ಹೇಗೆ ಇರಿಯಿತೆಂದರೆ ಅಳುವುದಕ್ಕೂ ಆಗಲಿಲ್ಲ. ದಾದಿ ಎದ್ದು ಗೌಳಿಗುಡದ ಕಡೆ ಮುಖ ಮಾಡಿದರೆ ಎಲ್ಲ ಮುಗಿಯಿತು, ಇನ್ನೆಂದೂ ಅವಳು ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳನ್ನು ಹಾಗೆ ವಾಪಸ್ ಕರೆದುಕೊಂಡು ಹೋಗಬಾರದು ಎಂಬ ಹಟ ಹುಟ್ಟಿತು. ಸುಳ್ಳು ಹೇಳುವುದು ಬರದಿದ್ದರೆ ನಿಜವನ್ನೇ ಇನ್ನಷ್ಟು ಹೇಳಬೇಕು, ಬೇರೆ ದಾರಿ ಹೊಳೆಯಲಿಲ್ಲ. ಅವಳ ಪಕ್ಕ ನಿಂತು ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಹೇಳತೊಡಗಿದೆ.

“ಬಲಕ್ಕ ಕೆಂಪು ಕಲ್ಲಿನ ದೊಡ್ಡ ಮನಿ ಅದ.”

ದಾದಿ ಮುಖ ಆ ಕಡೆ ತಿರುಗಿಸಿದಳು.

“ಮನಿ ಮ್ಯಾಲ ಬೋರಲ ಹಾಕಿದ ಗಡಿಗಿ ಅದಾವ. ದೊಡ್ಡುವು.”

“ಗಡಿಗಿ ಅಲ್ಲಬೇ, ಗುಮ್ಮಟ. ಮನಿ ಅಲ್ಲ ಅದು, ಹೈಕೋರ್ಟು.”

“ಹಿಂದ, ನದಿ ಆ ಕಡಿ ದಂಡಿಗಿ ಇನ್ನೊಂದು ಅದ. ಅದಕ್ಕೂ ಗಡಿಗಿ ಅದಾವ. ಯಾರೋ ದೊಡ್ಡ ಸಾವ್ಕಾರರದು.”

“ಯಾ ಅಲ್ಲಾ! ಅದು ದೊಡ್ಡ ದವಾಖಾನಿ. ಬಡವ್ರ ದವಾಖಾನಿ!”

“ಮುಂದ ರಸ್ತಾದ ಎರಡೂ ಕಡಿ ಕಲ್ಲಿನ ಅಂಗಡಿ ಸಾಲ ಅದಾವ. ಹಳೇವೋ ಹೊಸಾವೋ ನನಗ ಗೊತ್ತಾಗವಲ್ದು. ಇದರ ಎಡಕ್ಕ ಜ್ವಾಳದ ಕ್ವಾಣಿ ಬರಬೇಕಿತ್ತಲ್ಲ, ಅದೂ ಕಾಣವಲ್ದು.”

“ನಿನಗ ನೋಡಾಕ ಬರಂಗಿಲ್ಲ!” ದಾದಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಗುಮ್ಮಟಕ್ಕ ಗಡಿಗಿ ಅಂತಾಳ, ಕಮಾನಿಗೆ ಏನಂತೀ, ಒಲಿ ಅಂತೀಯೇನು? ನನ್ನ ಶಹರ ಎಲ್ಲಾ ಕೆಡಿಸಿ ಇಟ್ಟಿ ನೀನು!”

“ಹಂಗಾರ ನೀನ ನೋಡು. ಯಾವುದು ಉಳದದ, ಯಾವುದು ಹೋಗ್ಯದ, ನನಗೇನು ಗೊತ್ತು? ನಾ ಹುಟ್ಟಿದ್ದು ಲಿಂಗಸುಗೂರಾಗ. ಗೊತ್ತಿದ್ದಾಕಿ ನೀನು, ನಿನಗ ಕಣ್ಣಿಲ್ಲ. ಕಣ್ಣದ ನನಗ, ನನಗ ಗೊತ್ತಿಲ್ಲ. ನಾ ಎಷ್ಟಂತ ಹೇಳ್ಲಿ?”

ಬಾಳೆಹಣ್ಣಿನ ಮುದುಕ ವ್ಯಾಪಾರ ಬಿಟ್ಟು ನಮ್ಮನ್ನೇ ನೋಡುತ್ತಿದ್ದನು. ದಾದಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು. ಎಬ್ಬಿಸಲು ಅಬ್ಬಾ ಬಗ್ಗಿದರೆ ಅವನ ಕೈ ಸರಿಸಿ ನನ್ನ ಹೆಗಲು ಹುಡುಕಿದಳು.

“ದವಾಖಾನಿಗೆ ನಡಿ. ಈ ಹುಡುಗಿ ಬಾಯಾಗ ಬಿಟ್ರ ಚಾರ್‌ಮಿನಾರಿಗೂ ಮಂಚದ ಕಾಲು ಅಂತಾಳ.”

ಆ ಸೇತುವೆಯನ್ನು ನಾನು ಈಗಲೂ ವರ್ಷಕ್ಕೊಮ್ಮೆ ದಾಟುತ್ತೇನೆ. ಸಿಂಧನೂರಿನ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳಿ ನಿವೃತ್ತಳಾದವಳು ನಾನು. ಮಂಡಿ ನೋವಿದೆ, ಮಕ್ಕಳು ಬೇಡ ಎನ್ನುತ್ತಾರೆ, ಆದರೂ ಬೆಳಗಿನ ಬಸ್ಸು ಹತ್ತುತ್ತೇನೆ. ಗೌಳಿಗುಡದ ತಗಡಿನ ಕಮಾನು ಈಗಿಲ್ಲ, ಕುಸಿದು ಬಿತ್ತು. ದಿವಾನ್ ದೇವಡಿಯ ಹೆಸರೂ ಬಾಗಿಲೂ ಉಳಿದಿವೆ, ಒಳಗೆ ಅಂಗಡಿಗಳಿವೆ. ಹೈಕೋರ್ಟಿನ ಗುಮ್ಮಟಗಳು ಇವೆ. ಗುಲ್ಜಾರ್ ಹೌಜ್ ಇದೆ, ಸುತ್ತ ಗಾಡಿಗಳು ಮುತ್ತಿಕೊಂಡಿರುತ್ತವೆ. ನಮ್ಮ ಲಿಂಗಸುಗೂರಿನ ಮನೆಯೂ ಈಗಿಲ್ಲ; ಅಲ್ಲಿ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ. ಹಳೆಯದು ಹೋದದ್ದಕ್ಕೆ ಕೊರಗುವವರ ಜೊತೆ ಕೂತು ನಾನೂ ಕೊರಗಬಲ್ಲೆ, ಆದರೆ ನನ್ನ ಜೀವ ಅದರಲ್ಲಿ ಇಲ್ಲ. ಹೋಗಿ ನಿಂತು ನೋಡಬೇಕು, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನಬೇಕು. ತರಗತಿಯಲ್ಲಿ ನಾನು ಹೇಳಿದ ಪಾಠವೆಲ್ಲ ಇಷ್ಟೇ.

ಅಂದು ದವಾಖಾನೆಗೆ ಸೇರಿದ ದಾದಿಗೆ ಆಪರೇಷನ್ ಆಯಿತು. ಅಬ್ಬಾ ಊರಿಗೆ ಹೋಗಿ ಅಂಗಡಿ ನೋಡಿಕೊಂಡು ಮತ್ತೆ ಬರುತ್ತಿದ್ದನು. ನಾನು ಅವಳ ಮಂಚದ ಪಕ್ಕ ಚಾಪೆ ಹಾಕಿಕೊಂಡಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದ ದಿನಗಳಲ್ಲಿ ಅವಳು ತಲೆ ಅಲುಗಿಸುವಂತಿರಲಿಲ್ಲ, ಬಾಯಿಗೆ ಮಾತ್ರ ಯಾರೂ ಪಟ್ಟಿ ಕಟ್ಟಿರಲಿಲ್ಲ. ಗುಮ್ಮಟ ಯಾವುದು, ಮಿನಾರು ಯಾವುದು, ಕಮಾನು ಯಾವುದು ಎಂದು ನನಗೆ ದಿನಾ ಪಾಠ. ಕೆಲವು ವಾರ ಕಳೆದು ದಪ್ಪ ಗಾಜಿನ ಕನ್ನಡಕ ಕೊಟ್ಟರು. ಹಾಕಿಕೊಂಡು ಮೊದಲು ನನ್ನ ಮುಖ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದಳು.

“ಮೂಗು ನಿಮ್ಮಮ್ಮಂದು ಬಂದದ. ಒಬ್ಬರೂ ಹೇಳಲಿಲ್ಲ ನೋಡು ನನಗ.”

ಊರಿಗೆ ಹೊರಡುವ ಮುನ್ನ ಮೂವರೂ ಮತ್ತೆ ನಯಾಪುಲ್ ದಾಟಿದೆವು. ಬಾಗಿಲಿದ್ದ ಜಾಗದಲ್ಲಿ ದಾದಿ ಒಂದು ಗಳಿಗೆ ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡು ನಡೆದಳು. ಪತ್ಥರ್‌ಗಟ್ಟಿಯ ಕಮಾನುಗಳನ್ನು ಬೆರಳು ತೋರಿಸಿ ಹೇಳಿಕೊಟ್ಟಳು. ಚಾರ್‌ಮಿನಾರ್ ಮುಂದೆ ನಿಂತು, ನಾ ಬಿಟ್ಟು ಹೋದಾಗ ಇನ್ನೂ ಎತ್ತರ ಇತ್ತಲ್ಲ ಎಂದು ಅನುಮಾನಪಟ್ಟಳು. ಆಮೇಲೆ ಅದರ ಹಿಂದಿನ ಗಲ್ಲಿಗಳಿಗೆ ಹೊಕ್ಕೆವು. ಅವಳು ಹುಟ್ಟಿದ ಮನೆ ಅಲ್ಲೆಲ್ಲೋ ಇತ್ತು. ಮೂಲೆಯ ಮಸೀದಿ ಸಿಕ್ಕಿತು, ಬಾವಿ ಮುಚ್ಚಿದ ಗುರುತು ಸಿಕ್ಕಿತು. ಅದರ ಪಕ್ಕದ ಜಾಗದಲ್ಲಿ ಸಿಮೆಂಟಿನ ಹೊಸ ಕಟ್ಟಡ, ಕೆಳಗೆ ಸಣ್ಣ ಅಂಗಡಿ. ಅಬ್ಬಾನೂ ನಾನೂ ಮುಖ ಮುಖ ನೋಡಿಕೊಂಡೆವು. ಸೇತುವೆಯ ಮೇಲೆ ಕೂತ ಹಾಗೆ ಇಲ್ಲೂ ಕೂತರೆ ಗತಿಯೇನು ಎಂದು ನಾನು ಅವಳ ಮುಂದೆ ಹೋಗಿ ನಿಂತೆ, ಹೇಳಲು ಬಾಯಿ ತೆರೆದೆ. ಈ ಸಲ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.

“ಇಲ್ಲ,” ಎಂದಳು ದಾದಿಯೇ. “ನಮ್ಮ ಮನಿ ಇಲ್ಲ.”

ಕನ್ನಡಕದೊಳಗೆ ಅವಳ ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು, ತುಂಬಿದ್ದವು. ಅಬ್ಬಾ ತೋಳು ಹಿಡಿಯಲು ಬಂದನು. ಅವಳು ಬಿಡಿಸಿಕೊಂಡಳು. ಅಂಗಡಿಯ ನೆತ್ತಿಯ ಮೇಲೆ ಉರ್ದುವಿನಲ್ಲಿ ಬರೆದ ತಗಡಿನ ಫಲಕವಿತ್ತು. ಅವಳ ನೋಟ ಅಲ್ಲಿ ಹೋಗಿ ನಿಂತಿತು. ತುಟಿ ಅಲುಗತೊಡಗಿತು. ಛತ್ರಿ, ಎಂದಳು ನಿಧಾನವಾಗಿ. ಆಮೇಲೆ, ಸ್ಟೋವ್. ಆಮೇಲೆ ಕತ್ತು ಮುಂದೆ ಚಾಚಿ, ರಿಪೇರಿ. ನನ್ನ ದಾದಿಗೆ ಓದಲು ಬರುತ್ತದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಬ್ಬಾ ರಸ್ತೆಯ ಮಧ್ಯೆ ನಿಂತು ಮಗುವಿನ ಹಾಗೆ ಅಳತೊಡಗಿದನು. ದಾದಿ ಅವನ ಕಡೆ ನೋಡಲೇ ಇಲ್ಲ. ಪಕ್ಕದ ಅಂಗಡಿಯ ಫಲಕದ ಕಡೆ ತಿರುಗಿದ್ದಳು.

“ಮುನ್ನಿ, ಬಾಜೂಕ ಸರಿಯಬೇ. ಅಡ್ಡ ನಿಂತೀ ನೀನು, ನನಗ ಕಾಣವಲ್ದು.”